ನಮ್ಮ ಯಜಮಾನರ ತಲೆಯ ವಾಲ್ವ್

ನಮ್ಮ ಯಜಮಾನರು ಟೇಲರ್. ಮೂವತ್ತೆಂಟು ವರ್ಷ ಗಂಡಸರ ಪ್ಯಾಂಟನ್ನೇ ಹೊಲಿದರು. ಅರವತ್ಮೂರಕ್ಕೆ ಕಾಲು ನೆಲಕ್ಕೆ ಅಂಟಿಕೊಳ್ಳೋಕೆ ಶುರುವಾಯಿತು. ಎತ್ತೋಕೇ ಆಗದು. ಅಳತೆ ತಗೊಂಡು ಬರೆಯುವಷ್ಟರಲ್ಲಿ ಮರೆಯೋರು. ಒಬ್ಬರ ಸೊಂಟ ಇನ್ನೊಬ್ಬರ ಪ್ಯಾಂಟಿಗೆ ಹೋಯಿತು. ವಯಸ್ಸಾಯಿತು ಅಂದರು ಎಲ್ಲರೂ.

ತಲೆಯೊಳಗೆ ನೀರು ತುಂಬಿದೆ ಅಂದರು ಡಾಕ್ಟರಮ್ಮ. ತಲೆಯಿಂದ ಹೊಟ್ಟೆಗೆ ಚರ್ಮದ ಕೆಳಗೇ ಸಣ್ಣ ಕೊಳವೆ ಇಳಿಸಿದರು. ಕಿವಿಯ ಹಿಂದೆ ವಾಲ್ವ್. ನೀರು ಎಷ್ಟು ಇಳಿಯಬೇಕು ಅಂತ ಅದು ನೋಡಿಕೊಳ್ಳುತ್ತೆ. ಹೆಚ್ಚುಕಡಿಮೆ ಮಾಡೋಕೆ ಮತ್ತೆ ಕೊಯ್ಯಬೇಕಿಲ್ಲ, ಹೊರಗಿಂದ ಅಯಸ್ಕಾಂತ ಹಿಡಿದು ತಿರುಗಿಸುತ್ತಾರೆ. ಮೊದಲ ಸಲ ಕಾಲು ಏಳಲಿಲ್ಲ. ಎರಡನೇ ಸಲ ತಲೆ ನೋವಿಂದ ಸಿಡಿಯಿತು. ನಾನು ಗೊಣಗಿದೆ.

"ಸುಮ್ನಿರೇ. ಟ್ರಯಲ್ ನೋಡದೆ ನಾನೇ ಒಂದು ಪ್ಯಾಂಟ್ ಕೊಟ್ಟಿಲ್ಲ."

ಮೂರನೇ ಸಲಕ್ಕೆ ಸರಿಹೋಯಿತು. ಅಂಗಡಿಗೆ ನಡೆದೇ ಹೋದರು.

ಬೇರೆ ಅಯಸ್ಕಾಂತ ತಲೆ ಹತ್ತಿರ ತರಬೇಡಿ ಅಂತ ಡಾಕ್ಟರಮ್ಮ ಹೇಳಿದ್ದರು. ಬಿದ್ದ ಗುಂಡುಸೂಜಿ ಆರಿಸೋಕೆ ಅಂಗಡಿಯಲ್ಲಿ ಒಂದಿತ್ತು. ತಲೆಯಿಂದ ದೂರ ಇರಲಿ ಅಂತ ಅದನ್ನು ಉದ್ದ ಕೋಲಿನ ತುದಿಗೆ ಕಟ್ಟಿಕೊಂಡರು.

ನಾಲ್ಕು ತಿಂಗಳಿಗೆ ಕಾಲು ಮತ್ತೆ ಅಂಟಿತು. ನಾನು ಬಿಡಲಿಲ್ಲ.

"ಆ ದರಿದ್ರ ಕೋಲನ್ನ ತಲೆಗೆ ತಾಗಿಸ್ಕೊಂಡಿದ್ದೀರ."

"ಇಲ್ಲ ಕಣೇ."

"ಮರೆತಿರ್ತೀರ. ಮರೆಯೋದೇ ಅಲ್ವಾ ನಿಮ್ಮ ಕಾಯಿಲೆ?"

ಮಾರನೇ ದಿನ ಕೋಲು ಬಿಸಾಡಿ ಬಂದರು. ಬಗ್ಗಿ ಬಗ್ಗಿ ಕೈಯಲ್ಲೇ ಸೂಜಿ ಆರಿಸಿದರು. ಕಾಲು ಸರಿಹೋಗಲಿಲ್ಲ.

ಕುತ್ತಿಗೆ ನೋವಿಗೆ ಒಳ್ಳೇದು ಅಂತ ನಮ್ಮಕ್ಕ ಒಂದು ದಿಂಬು ಕೊಟ್ಟಿದ್ದಳು. ಅವರ ತಲೆ ಕೆಳಗೆ ಇಟ್ಟವಳು ನಾನೇ, ಕಾಲು ಮತ್ತೆ ಅಂಟೋಕೆ ಮೂರು ವಾರ ಮುಂಚೆ. ಒಂದು ಭಾನುವಾರ ಅದರ ಹೊಲಿಗೆ ಬಿಚ್ಚಿತ್ತು ಅಂತ ಸೂಜಿ ದಾರ ಹಿಡಿದು ಕೂತರು. ಸೂಜಿ ಕೈ ಬಿಟ್ಟು ದಿಂಬಿಗೆ ಹೋಗಿ ಅಂಟಿತು. ಕಿತ್ತರೆ ಮತ್ತೆ ಅಂಟಿತು. ಕತ್ತರಿ ಹಾಕಿ ನೋಡಿದರೆ ಒಳಗೆಲ್ಲ ಬಿಲ್ಲೆ ಬಿಲ್ಲೆ ಅಯಸ್ಕಾಂತ.

ಅವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ನಿಮ್ಮಕ್ಕನಿಗೆ ಹೇಳು, ಹೊಲಿಗೆ ಗಟ್ಟಿಯಿಲ್ಲ," ಅಂದರು.

ಡಾಕ್ಟರಮ್ಮ ವಾಲ್ವ್ ನೋಡಿ, ತಿರುಗಿಸಿಟ್ಟ ನಂಬರ್ ಬದಲಾಗಿದೆ, ಅಯಸ್ಕಾಂತ ಹತ್ತಿರ ತಂದಿದ್ದು ಯಾರು ಅಂತ ರೇಗಿದರು.

"ನಾನೇ. ಸೂಜಿ ಆರಿಸೋವಾಗ."

ಚೆನ್ನಾಗಿ ಬೈಸಿಕೊಂಡರು. ನಾನು ಪಕ್ಕದಲ್ಲೇ ಕೂತಿದ್ದೆ. ವಾಲ್ವ್ ತಿರುಗಿಸೋದು ಎರಡು ನಿಮಿಷದ ಕೆಲಸ. ವಾರದೊಳಗೆ ನಡೆದರು.

ಆಮೇಲೆ ಎರಡು ವರ್ಷ ಅಂಗಡಿ ನಡೆಸಿದರು. ತೀರಿಕೊಂಡದ್ದು ಹೃದಯ ನಿಂತು. ತಲೆಯ ತಪ್ಪೇನಿಲ್ಲ.

ಕಳೆದ ವಾರ ಡಾಕ್ಟರಮ್ಮನ ಹತ್ತಿರ ಹೋಗಿ, ಅವತ್ತು ಅಯಸ್ಕಾಂತ ತಂದ ತಪ್ಪು ನಮ್ಮ ಯಜಮಾನರದಲ್ಲ, ನಂದು ಅಂದೆ. ಡಾಕ್ಟರಮ್ಮನಿಗೆ ನೆನಪೇ ಇರಲಿಲ್ಲ. "ಕೂತ್ಕೊಳ್ಳಿಮ್ಮ," ಅಂದರು.

ಕೂರಲಿಲ್ಲ. ನಿಂತೇ ಇನ್ನೊಂದು ಸಲ ಹೇಳಿದೆ.