‘ಏಳು’ ಅನ್ನಲಾರದ ಕಲೊಲೈನೆ

ಪರದೇಶದ ರಾಬಿನ್‌ವೇಲ್ ಊರಿನ ದ್ರಾಕ್ಷಿ ತೋಟಗಳಲ್ಲಿ ಹತ್ತೊಂಬತ್ತು ವರ್ಷ ಗೊಂಚಲು ಕತ್ತರಿಸಿದ ಕಲೊಲೈನೆಗೆ ಇಂಗ್ಲಿಷಿನ ಹಂಗೇ ಇರಲಿಲ್ಲ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಮ್ಮ ಟೋಂಗಾದವರೇ. ಬೈದಾಟ, ನಗು, ಪ್ರಾರ್ಥನೆ ಎಲ್ಲ ನಮ್ಮ ಮಾತಿನಲ್ಲೇ ನಡೆಯುತ್ತಿತ್ತು.

ಐವತ್ತೆರಡನೆಯ ವಯಸ್ಸಿಗೆ ಅವಳಿಗೊಂದು ಹಟ ಹಿಡಿಯಿತು. ಊರಿನ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಬೇಕು, ಮುದುಕರನ್ನು ನೋಡಿಕೊಳ್ಳಬೇಕು. ದೂರದ ಟೋಂಗಾದ ವಾವಾಉ ದ್ವೀಪದಲ್ಲಿ ಅವಳ ತಾಯಿ ಸಾಯುವಾಗ ಇವಳು ಇಲ್ಲಿ ಬಿಸಿಲಲ್ಲಿ ಕತ್ತರಿ ಹಿಡಿದು ನಿಂತಿದ್ದಳು. ಒಂದು ಗುಟುಕು ನೀರು ಕೈಯಾರೆ ಕುಡಿಸಲಾಗಲಿಲ್ಲ ಎಂಬ ಸಂಕಟ ಹೊಟ್ಟೆಯೊಳಗೇ ಕೂತುಬಿಟ್ಟಿತ್ತು. ಬೇರೆಯವರ ತಾಯಿಗಾದರೂ ಮಾಡೋಣ ಎಂದುಕೊಂಡಳು.

ಆರು ತಿಂಗಳ ತರಬೇತಿಯಲ್ಲಿ ಎಲ್ಲವೂ ಸರಾಗವಾಗಿ ಮುಗಿದು, ಕೊನೆಯ ಒಂದು ಪರೀಕ್ಷೆಯಲ್ಲಿ ಗಾಡಿ ಕೆಸರಿಗೆ ಬಿತ್ತು. ಪರೀಕ್ಷಕಿಯ ಎದುರು ಒಬ್ಬ ಮುದುಕಿಯನ್ನು ಕುರ್ಚಿಯಿಂದ ಎಬ್ಬಿಸಬೇಕು, ಏನು ಮಾಡಬೇಕೆಂದು ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳುತ್ತಾ ಎಬ್ಬಿಸಬೇಕು. ಕಲೊಲೈನೆ ಕಂಬದ ಹಾಗೆ ನಿಂತಳು. ಪರೀಕ್ಷಕಿ ಡೆನಿಸ್ ಹತ್ತು ನಿಮಿಷ ಕಾದು ಕಾಗದದ ಮೇಲೆ ‘ಭಾಷೆ ಸಾಲದು’ ಎಂದು ಬರೆದಳು. ಮೂರು ವಾರ ಬಿಟ್ಟು ಇನ್ನೊಂದೇ ಅವಕಾಶ, ಅದೂ ತಪ್ಪಿದರೆ ಮತ್ತೆ ದ್ರಾಕ್ಷಿ ಸಾಲೇ ಗತಿ.

ನಮ್ಮಲ್ಲಿ ಗಂಡನ ತಂಗಿಯೆಂದರೆ ಸಾಮಾನ್ಯವೇ? ಕಲೊಲೈನೆಯ ಗಂಡ ಸತ್ತು ನಾಲ್ಕು ವರ್ಷವಾದರೂ ಆ ಮನೆಯಲ್ಲಿ ಅವನ ತಂಗಿ ವಿಕಾಳ ಮಾತೇ ಕೊನೆಯ ಮಾತು. ಸುದ್ದಿ ಕೇಳಿದ ಕೂಡಲೇ ಬಂದಳು.

“ಅತ್ತಿಗೆ, ಬಾಯಲ್ಲೇನು ಗೆಣಸು ಇಟ್ಕೊಂಡಿದ್ಯಾ? ಒಂದು ಮಾತು ಆಡಕ್ಕೆ ಏನಾಗಿತ್ತು ನಿಂಗೆ?”

“ಬರಲಿಲ್ಲ ಕಣೆ.”

“ಬರ್ಸೋಣ ಬಿಡು. ಎಲ್ಲಾ ಇಂಗ್ಲಿಷಿನ ಆ ‘ಗೆಟ್’ ಅನ್ನೋ ಪದದ ಕಿತಾಪತಿ. ಅದು ನಮ್ಮ ಸೆಮಿಸಿ ಮಾವನ ಥರ, ಯಾರ ಜೊತೆ ಕೂತ್ರೆ ಅವರ ಬುದ್ಧಿ! ‘ಅಪ್’ ಜೊತೆ ಕೂತ್ರೆ ಏಳೋದು, ‘ಆನ್’ ಜೊತೆ ಕೂತ್ರೆ ಹೊಂದ್ಕೊಂಡು ಹೋಗೋದು, ‘ಬೈ’ ಜೊತೆ ಕೂತ್ರೆ ಹೆಂಗೋ ಕಾಲ ತಳ್ಳೋದು.”

“ಹಂಗಾದ್ರೆ ನಾನು ಇಷ್ಟು ವರ್ಷ ಮಾಡಿದ್ದು ಗೆಟ್ ಬೈ,” ಎಂದಳು ಕಲೊಲೈನೆ.

ವಿಕಾ ಚರ್ಚಿನ ಹಾಡುಗಾರ್ತಿಯರ ಮುಂದಾಳು. ಬುಧವಾರದ ಅಭ್ಯಾಸಕ್ಕೆ ಹಲಗೆಯ ಮೇಲೆ ಎಂದಿನಂತೆ ಸ್ವರಗಳನ್ನು ಸೂಚಿಸುವ ಅಂಕಿಗಳನ್ನು ಬರೆದಳು, ಅವುಗಳ ಕೆಳಗೆ ಸ್ತೋತ್ರದ ಬದಲು ಗೆಟ್ ಅಪ್, ಗೆಟ್ ಡೌನ್, ಗೆಟ್ ಇನ್, ಗೆಟ್ ಔಟ್. ಹನ್ನೆರಡು ಹೆಂಗಸರು ನಾಲ್ಕು ಸ್ವರದಲ್ಲಿ ಎತ್ತಿ ಹಾಡಿದರೆ ಕಿಟಕಿ ಗಾಜು ನಡುಗುತ್ತಿತ್ತು. ಪಾದ್ರಿಯ ಹೆಂಡತಿ ಓಡಿ ಬಂದು, “ದೇವರ ಮನೇಲಿ ನಿಂತು ಯಾರಿಗ್ರೇ ಗೆಟ್ ಔಟ್ ಅಂತಿರೋದು?” ಎಂದು ಗದರಿದಳು. ಹೆಂಗಸರು ನಕ್ಕು ನಕ್ಕು ಸುಸ್ತಾದರು.

ಎರಡು ವಾರದಲ್ಲಿ ಕಲೊಲೈನೆಗೆ ನಲವತ್ತು ಗೆಟ್‌ಗಳು ಬಾಯಿಪಾಠವಾದವು. ವಿಕಾ ಕುರ್ಚಿಯಲ್ಲಿ ಮುದುಕಿಯಂತೆ ಮುದುಡಿ ಕೂತರೆ, ಇವಳು ಪಟಪಟನೆ ಹೇಳಿ ಎಬ್ಬಿಸುತ್ತಿದ್ದಳು. ಗೆದ್ದೆವು ಎಂದುಕೊಂಡ ವಿಕಾ, ಒಂದು ದಿನ ತಾನು ಎದ್ದು ಪಾದ್ರಿಯ ಎಂಬತ್ತು ವರ್ಷದ ಅತ್ತೆಯನ್ನು ಆ ಕುರ್ಚಿಯಲ್ಲಿ ಕೂರಿಸಿದಳು. ಕಲೊಲೈನೆಯ ಬಾಯಿಗೆ ಬೀಗ ಬಿತ್ತು.

“ಅಯ್ಯೋ ಮಾರಾಯ್ತಿ! ನಿಂಗೆ ಕಮ್ಮಿಯಾಗಿರೋದು ಪದ ಅಲ್ಲ!”

“ಹಿರಿಯರ ತಲೆಗಿಂತ ಎತ್ತರಕ್ಕೆ ನಿಂತ್ಕೊಂಡು ‘ಏಳು’ ಅಂತ ಹೆಂಗೆ ಹೇಳ್ಲಿ ವಿಕಾ?” ಕಲೊಲೈನೆಯ ಕಣ್ಣು ತುಂಬಿತು. “ಅಮ್ಮ ಇದ್ದಿದ್ರೆ ಕೆನ್ನೆಗೆ ಬಿಗೀತಿದ್ಲು.”

ಕೂತ ಹಿರಿಯರ ಮುಂದೆ ಹಾದುಹೋಗುವಾಗ ವಿಕಾ ಕೂಡ ಬೆನ್ನು ಬಗ್ಗಿಸಿಯೇ ನಡೆಯುವವಳು. ತರಬೇತಿಯಲ್ಲಿ ಕಲಿಸಿದ್ದಾದರೋ ಕುರ್ಚಿಯ ಪಕ್ಕ ನೆಟ್ಟಗೆ ನಿಂತು ಹೇಳಿ ಎಂದು. ಯಾರ ತಪ್ಪೂ ಇಲ್ಲ, ಆದರೂ ಕೆಲಸ ಕೆಡುವುದೆಂದರೆ ಇದೇ.

ಪರೀಕ್ಷೆಯ ದಿನ ಕುರ್ಚಿಯಲ್ಲಿದ್ದವಳು ಡೊರೀನ್, ಎಂಬತ್ತೆಂಟರ ಮುದುಕಿ. ಬೆಳಿಗ್ಗೆಯಿಂದ ಯಾರು ಕರೆದರೂ ಎದ್ದಿರಲಿಲ್ಲ, ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ಡೆನಿಸ್ ಪೆನ್ನು ತೆಗೆದು, “ಶುರು ಮಾಡಿ,” ಎಂದಳು.

ಕಲೊಲೈನೆ ಪಕ್ಕದಲ್ಲಿ ನಿಂತಳು. ಕಲಿತ ನಲವತ್ತೂ ನಾಲಿಗೆಯ ತುದಿಯಲ್ಲೇ ಇದ್ದವು, ಒಂದೂ ಹೊರಗೆ ಬರಲೊಲ್ಲದು. ಡೆನಿಸ್ ಗಡಿಯಾರ ನೋಡಿದಳು. ಆದದ್ದಾಗಲಿ ಎಂದು ಕಲೊಲೈನೆ ನೆಲದ ಮೇಲೆ ಕಾಲು ಮಡಚಿ ಕೂತುಬಿಟ್ಟಳು. ಈಗ ಮುದುಕಿಯ ಮುಖ ಮೇಲಿತ್ತು, ತನ್ನ ಮುಖ ಕೆಳಗಿತ್ತು. ಉಸಿರು ತಾನಾಗಿ ಹಗುರವಾಯಿತು.

“ಅಲ್ಲಿ ಕೂರೋ ಹಾಗಿಲ್ಲ,” ಎಂದಳು ಡೆನಿಸ್.

ಕಲೊಲೈನೆ ಕೇಳಿಸಿಕೊಂಡಳೋ ಇಲ್ಲವೋ. “ಅಮ್ಮಾ,” ಎಂದಳು ಇಂಗ್ಲಿಷಿನಲ್ಲಿ, ಮೆಲ್ಲಗೆ. “ಹೊರಗೆ ಚೆನ್ನಾಗಿ ಬಿಸಿಲು ಬಿದ್ದಿದೆ. ಗೆಟ್ ಅಪ್ ಮಾಡ್ತೀರಾ? ಮೊದಲು ಕುರ್ಚಿಯ ತುದಿಗೆ ಸರೀರಿ. ಕಾಲು ಹಿಂದಕ್ಕೆ ತಗೊಳ್ಳಿ. ನಿಮಗೆ ಇಷ್ಟ ಆದಾಗ ಹೇಳಿ, ನಾನು ಪಕ್ಕಕ್ಕೆ ಬರ್ತೀನಿ.”

ಡೊರೀನ್ ತುದಿಗೆ ಸರಿದಳು, ಕಾಲು ಹಿಂದಕ್ಕೆ ತೆಗೆದುಕೊಂಡಳು, “ಹೂಂ,” ಎಂದಳು. ಕಲೊಲೈನೆ ಎದ್ದು, ಕಲಿಸಿದ ಹಾಗೇ ಬೆನ್ನ ಹಿಂದೆ ಕೈಯಿಟ್ಟಳು. ಮುದುಕಿ ಎದ್ದು ನಿಂತಳು.

ಡೆನಿಸ್ ಪೆನ್ನು ಹಿಡಿದೇ ಇದ್ದಳು. “ಮಾತೆಲ್ಲ ಸರಿ. ಆದರೆ ನೆಲದ ಮೇಲೆ ಕೂತದ್ದು ನಮ್ಮ ಕ್ರಮದಲ್ಲಿ ಇಲ್ವಲ್ಲ...”

“ಏ ಹುಡುಗಿ,” ಎಂದಳು ಡೊರೀನ್. “ಮೂರು ವರ್ಷ ಆಯ್ತು ಈ ಕುರ್ಚಿಗೆ ಬಂದು. ಎಲ್ಲರೂ ಬಂದು ‘ಏಳು’ ಅಂತಾರೆ. ‘ಏಳ್ತೀರಾ’ ಅಂತ ಕೇಳಿದವಳು ಇವಳೊಬ್ಬಳೇ. ನೀನು ಪಾಸು ಮಾಡದಿದ್ರೆ ನಾನು ಮತ್ತೆ ಕೂತುಬಿಡ್ತೀನಿ ನೋಡು, ಆಮೇಲೆ ಯಾರು ಎಬ್ಬಿಸ್ತೀರೋ ಎಬ್ಬಿಸಿ!”

ಡೆನಿಸ್‌ಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಸಹಿ ಹಾಕಿದಳು. ಕಲೊಲೈನೆ ಅದನ್ನು ನೋಡಲೂ ಇಲ್ಲ. ಅವಳ ತೋಳಿನ ಮೇಲೆ ಒಬ್ಬ ತಾಯಿಯ ಭಾರವಿತ್ತು. ಹೆಜ್ಜೆಗೊಂದು ಹೆಜ್ಜೆ ಸೇರಿಸುತ್ತಾ ಇಬ್ಬರೂ ಬಿಸಿಲಿಗೆ ಹೊರಟಿದ್ದರು.