ಕಣ್ಣು ಮುಚ್ಚಿ ಟೈಪ್ ಮಾಡುತ್ತಿದ್ದ ಟೀಚರ್

ನಮ್ಮ ಟೈಪಿಂಗ್ ಟೀಚರ್ ಕೀಲಿಗಳನ್ನು ನೋಡಿದವರ ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಬಾರಿಸುತ್ತಿದ್ದರು. ನಾನೂ ಸಾಕಷ್ಟು ತಿಂದಿದ್ದೇನೆ. ಅವರು ಮಾತ್ರ, ಯಾರಾದರೂ ಓದಿ ಹೇಳಿದರೆ, ಕಣ್ಣು ಮುಚ್ಚಿಕೊಂಡು ಒಂದಕ್ಷರ ತಪ್ಪದೆ ಟೈಪ್ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮುಖ ನಿದ್ದೆ ಮಾಡುವ ಮಗುವಿನ ಹಾಗಿರುತ್ತಿತ್ತು.

ಟೈಪಿಂಗ್ ಶಾಲೆ ಮುಚ್ಚಿತು. ಐವತ್ತಾರರ ವಯಸ್ಸಿನಲ್ಲಿ ಟೀಚರ್ ಅಣ್ಣನ ಮನೆಯ ಮಹಡಿ ಕೋಣೆ ಸೇರಿದರು. ಅತ್ತಿಗೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಅನ್ನುವ ಅಗತ್ಯವೂ ಇರಲಿಲ್ಲ, ತಟ್ಟೆ ಕುಕ್ಕುವ ಸದ್ದೇ ಸಾಕಾಗಿತ್ತು.

"ಹಂಗಿನ ಊಟ ಗಂಟಲಲ್ಲಿ ಇಳಿಯಲ್ಲ ಕಣೇ. ಇನ್ನೊಂದು ವರ್ಷ ಇಲ್ಲೇ ಇದ್ರೆ ನಂಗೆ ಹುಚ್ಚು ಹಿಡಿಯುತ್ತೆ" ಎಂದು ಒಂದು ದಿನ ನನ್ನ ಕೈ ಹಿಡಿದುಕೊಂಡು ಅತ್ತರು.

ಅಷ್ಟರಲ್ಲಿ ಒಂದು ದಾರಿ ಕಂಡಿತು. ಡಾಕ್ಟರುಗಳು ಮಾತಾಡಿ ಕಳಿಸುವ ವರದಿಗಳನ್ನು ಕೇಳಿಸಿಕೊಂಡು ಮನೆಯಲ್ಲೇ ಟೈಪ್ ಮಾಡಿಕೊಡುವ ಕೆಲಸ. ಆಸ್ಪತ್ರೆಯೊಂದು ಪರೀಕ್ಷೆ ಇಟ್ಟಿತ್ತು. ಅದನ್ನೂ ಮನೆಯ ಕಂಪ್ಯೂಟರಿನಲ್ಲೇ ಬರೆಯಬೇಕು. ಧ್ವನಿ ಇಪ್ಪತ್ತು ನಿಮಿಷ ಒಂದೇ ಸಲ ಓಡುತ್ತದೆ, ನಿಲ್ಲಿಸುವ ಹಾಗಿಲ್ಲ. ಟೀಚರಿಗೆ ಇದು ನೀರು ಕುಡಿದಷ್ಟು ಸುಲಭ ಅಂದುಕೊಂಡಿದ್ದೆವು.

ಎರಡು ಸಲ ಫೇಲಾದರು. ಟೀಚರ್ ಕಣ್ಣು ಮುಚ್ಚಿಕೊಂಡು ಟೈಪ್ ಮಾಡುತ್ತಿರುವಾಗ ಪರದೆಯ ಮೇಲೆ ಒಂದು ಚೌಕ ಎದ್ದು ಕೂರುತ್ತಿತ್ತು: "ಸ್ಕ್ಯಾನರ್ ಸಿಗುತ್ತಿಲ್ಲ. ಹುಡುಕಬೇಕೆ?" ಹಿಂದೆ ಆ ಕಂಪ್ಯೂಟರಿಗೆ ಜೋಡಿಸಿದ್ದ ಸ್ಕ್ಯಾನರ್ ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಚೌಕ ಬಂದ ಮೇಲೆ ಹೊಡೆದ ಅಕ್ಷರವೆಲ್ಲ ನೀರಿನಲ್ಲಿ ಹೋಮ. ಎರಡನೇ ಸಲ ಹದಿನೇಳು ಸಾಲು ಹೀಗೆ ಹೋಯಿತು. ಗೋಗರೆದ ಮೇಲೆ ಆಸ್ಪತ್ರೆಯವರು ಇನ್ನೊಂದೇ ಒಂದು ಅವಕಾಶ ಕೊಟ್ಟರು.

ಟೀಚರ್ ನನ್ನನ್ನು ಕರೆಸಿದರು. ನಾನು ವಿದ್ಯುತ್ ಕಚೇರಿಯ ಗುಮಾಸ್ತೆ. ಹಾಳೂರಿಗೆ ಉಳಿದವನೇ ಗೌಡ ಅನ್ನುವಂತೆ, ಅವರ ಪಾಲಿಗೆ ಕಂಪ್ಯೂಟರ್ ಬಲ್ಲವಳು ನಾನೊಬ್ಬಳೇ.

ಚೌಕ ತರುತ್ತಿದ್ದ ಸ್ಕ್ಯಾನರಿನ ಪ್ರೋಗ್ರಾಮನ್ನು ತೆಗೆಯಲು ಹೋದೆ. ಸ್ಕ್ಯಾನರಿನ ಜೊತೆ ಬಂದಿದ್ದ ಸಿಡಿ ಹಾಕು ಅಂದಿತು. ಸಿಡಿ ಯಾರ ಹತ್ತಿರ ಇದೆ? ಕಂಪ್ಯೂಟರ್ ಶುರುವಾದಾಗ ತಾನಾಗಿ ಏಳುವ ಪ್ರೋಗ್ರಾಮುಗಳ ಪಟ್ಟಿಯಿಂದ ಅದನ್ನು ಕಿತ್ತುಹಾಕಿದೆ. ಅರ್ಧ ಗಂಟೆ ಸುಮ್ಮನಿದ್ದು ಮತ್ತೆ ಬಂತು. ದರಿದ್ರದ್ದು! ಅದನ್ನು ಎಬ್ಬಿಸುತ್ತಿರುವುದು ಇನ್ನಾವುದೋ ಇರಬೇಕು ಅನ್ನಿಸಿತು.

"ಟೀಚರ್, ಎಷ್ಟೊತ್ತಿಗೊಂದು ಸಲ ಬರುತ್ತೆ ಅಂತ ಗೊತ್ತಾಗ್ಬೇಕು. ನೀವು ಟೈಪ್ ಮಾಡ್ತಾನೇ ಪರದೆ ಮೇಲೆ ಕಣ್ಣಿಟ್ಟಿರಿ. ಬಂದ ತಕ್ಷಣ ಟೈಮು ಬರೆದಿಡಿ" ಎಂದೆ.

"ಕಣ್ಣು ಬಿಟ್ಕೊಂಡಾ?"

"ಮತ್ತೆ? ಮುಚ್ಕೊಂಡ್ರೆ ಹೆಂಗೆ ಕಾಣುತ್ತೆ?"

ಆರು ದಿನ ಟೀಚರ್ ಬೆಳಗಿನಿಂದ ಸಂಜೆಯವರೆಗೆ ಕೀಲಿ ಒತ್ತುತ್ತಾ ಪರದೆ ಕಾದರು. ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಅವರು ಬರೆದಿಟ್ಟ ಸಮಯಗಳಿಂದಲೇ ಕಳ್ಳ ಸಿಕ್ಕಿಬಿದ್ದ. ಸ್ಕ್ಯಾನರಿನ ಅಪ್‌ಡೇಟ್ ಹುಡುಕುವ ಇನ್ನೊಂದು ಪ್ರೋಗ್ರಾಮು, ನಲವತ್ತು ನಿಮಿಷಕ್ಕೊಮ್ಮೆ ಮೊದಲನೆಯದನ್ನು ಎಬ್ಬಿಸುತ್ತಿತ್ತು. ಅದನ್ನು ನಿಲ್ಲಿಸಿ, ಸಿಡಿಯ ಹಂಗಿಲ್ಲದೆ ಎರಡರ ಫೈಲುಗಳನ್ನೂ ಅಳಿಸಿದೆ. ಇಡೀ ದಿನ ಚೌಕದ ಸುಳಿವಿರಲಿಲ್ಲ. ನಾನು ಬೀಗಿದೆ.

ಪರೀಕ್ಷೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ನಾನು ಪಕ್ಕದ ಮಂಚದ ಮೇಲೆ ಕೂತಿದ್ದೆ. ಧ್ವನಿ ಶುರುವಾಯಿತು. ಟೀಚರ್ ಕಣ್ಣು ಮುಚ್ಚಿದರು, ಬೆರಳುಗಳು ಓಡಿದವು. ಒಂದು ನಿಮಿಷವೂ ಆಗಿರಲಿಲ್ಲ, ಕಣ್ಣು ತೆರೆದು ಪರದೆ ನೋಡಿದರು. ಏನೂ ಇರಲಿಲ್ಲ. ಮುಚ್ಚಿದರು. ಮತ್ತೆ ತೆರೆದರು. ತೆರೆದಾಗಲೆಲ್ಲ ಬೆರಳು ತಡವರಿಸುತ್ತಿತ್ತು, ಡಾಕ್ಟರ ಮಾತು ಮಾತ್ರ ಮುಂದೆ ಹೋಗುತ್ತಲೇ ಇತ್ತು. ಆಮೇಲೆ ಅವರ ಕಣ್ಣು ಮುಚ್ಚಲೇ ಇಲ್ಲ. ಪರೀಕ್ಷೆಯ ನಡುವೆ, ಕಣ್ಣು ಮುಚ್ಚಿಕೊಳ್ಳಿ ಎಂದು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ನಾನು ಸೆರಗು ಕಚ್ಚಿಕೊಂಡು ಕೂತೆ.

ಫಲಿತಾಂಶ ಅಲ್ಲೇ ಬಂತು. ಅಂಕ ಹಿಂದಿನ ಎರಡು ಸಲಕ್ಕಿಂತಲೂ ಕಡಿಮೆ.

"ಒಂದು ಸಲಾನೂ ಬರ್ಲಿಲ್ಲ, ಅಲ್ವೇನೇ?" ಎಂದರು ಟೀಚರ್.

"ಇಲ್ಲ ಟೀಚರ್."

"ಈಗ ಬರುತ್ತೆ, ಈಗ ಬರುತ್ತೆ ಅಂತ ಕಾಯ್ತಾನೇ ಇದ್ದೆ ಕಣೇ."

ಕಾಯಲು ಕಲಿಸಿದವಳು ನಾನು. ಅದನ್ನು ಅವರು ಹೇಳಲಿಲ್ಲ, ಇಂದಿಗೂ ಹೇಳಿಲ್ಲ. ಕೆಳಗಿನಿಂದ ಅತ್ತಿಗೆ ಊಟಕ್ಕೆ ಕರೆದರು. "ಬಂದೆ ಅತ್ತಿಗೆ" ಎಂದು ಟೀಚರ್ ಮೆಟ್ಟಿಲಿಳಿದು ಹೋದರು.