ಸ್ಪ್ರಿಂಗ್ ಕತ್ತರಿಸಿದ ಕಾರಿನಲ್ಲಿ ಹುಮನಾಬಾದಿಗೆ

ಬಸವಕಲ್ಯಾಣದಿಂದ ಬೆಳಿಗ್ಗೆ ಹೊರಟೆವು. ಹುಮನಾಬಾದ್ ಮೂವತ್ತು ಕಿಲೋಮೀಟರ್ ಚಿಲ್ಲರೆ. ಬಸ್ಸಿನಲ್ಲಾದರೆ ಒಂದು ನಿದ್ದೆ ತೆಗೆಯುವಷ್ಟು ದಾರಿ. ಆದರೆ ನನ್ನ ಅಕ್ಕನ ಮಗ ಅನಿಲನಿಗೆ ಕಾರೇ ಬೇಕಾಗಿತ್ತು. ಅಲ್ಲಿನ ಶಿಲ್ಪಾಳನ್ನು ನೋಡಿ ಬಂದ ದಿನದಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಹುಡುಗನನ್ನು ಇನ್ನೊಮ್ಮೆ ನೋಡಿ ಮಾತು ಕೊಡುತ್ತೇನೆಂದು ಅವಳ ಅಪ್ಪ ಹೇಳಿ ಕಳಿಸಿದ್ದರು. ಅದಕ್ಕೆ ಈ ಮಹಾಶಯ, ಕಾರು ಚೆಂದ ಕಾಣಲೆಂದು ಸ್ಪ್ರಿಂಗ್ ಕತ್ತರಿಸಿ ಅದನ್ನು ನೆಲಕ್ಕೆ ತಂದಿದ್ದ.

ಓಣಿ ದಾಟುವ ಮೊದಲೇ ಹಿಂದಿನ ಟೈರು ಮಡಗಾರ್ಡಿಗೆ ಉಜ್ಜಿ, ರಬ್ಬರ್ ಸುಟ್ಟ ವಾಸನೆ ಬಂತು. ಮನೆಯಲ್ಲಿ ನನ್ನ ಜೀಪು ಸುಮ್ಮನೆ ನಿಂತಿತ್ತು. "ತಿರುಗಿ ಹೋಗಿ ಜೀಪ್ ತರೂಣು," ಎಂದೆ. ಅಕ್ಕ ಮಡಿಲಿನ ತೆಂಗಿನಕಾಯಿ ಗಟ್ಟಿ ಹಿಡಿದಳು. "ಶುಭಕಾರ್ಯಕ್ಕ ಹೊಂಟವ್ರು ತಿರುಗಿ ಮನಿಗಿ ಹೋಗಬಾರದು. ಸುಮ್ಮ ನಡಿ."

ಹೆದ್ದಾರಿ ಹೇಗೋ ಸಾಗಿತು. ಕಷ್ಟವೆಲ್ಲ ಊರೊಳಗಿನ ರಸ್ತೆ ಹಂಪುಗಳದ್ದು. ಪ್ರತಿ ಹಂಪಿಗೂ ನಾನು, ಅಕ್ಕ ಇಳಿಯುವುದು. ಅನಿಲ ಕಾರನ್ನು ಓರೆಯಾಗಿ ದಾಟಿಸುವುದು. ನಾವು ಮತ್ತೆ ಹತ್ತುವುದು. ರಾಜೇಶ್ವರದಲ್ಲಿ ಚಹಾ ಕುಡಿಯುತ್ತಿದ್ದ ಮುದುಕರೊಬ್ಬರು ಇದನ್ನು ನೋಡಿ, "ಕಾರ್ ಮಾರಾಕ ಹೊಂಟೀರೇನ್ರಿ?" ಎಂದರು.

"ಇಲ್ರಿ, ಹೆಣ್ಣ ಕೇಳಾಕ ಹೊಂಟೀವಿ," ಎಂದೆ.

ಏಟು ತಡೆಯಬೇಕಾದ ಶಾಕಪ್ಪುಗಳೂ ಅಷ್ಟರಲ್ಲಿ ಕೈಕೊಟ್ಟಿದ್ದವು. ಸಣ್ಣ ತಗ್ಗು ಬಂದರೂ ಸುದ್ದಿ ನೇರ ನನ್ನ ಸೊಂಟಕ್ಕೆ ಮುಟ್ಟುತ್ತಿತ್ತು. ನನಗೆ ವಿಪರೀತ ಸಿಟ್ಟು ಬಂದಿತ್ತು.

ಹುಮನಾಬಾದಿನಲ್ಲಿ ಹೆಣ್ಣಿನ ಮನೆಯ ಮುಂದೆಯೇ ಒಂದು ಹಂಪು. ಬೀಗರಾಗುವವರ ಎದುರು ಇಳಿಯಲು ನಾಚಿ ಮೂವರೂ ಕೂತೇ ಇದ್ದೆವು. ಢಣ್ ಎಂದಿತು. ಆಯಿಲ್ ಚೇಂಬರ್ ಒಡೆದು, ಕಪ್ಪು ಎಣ್ಣೆ ಬಾಗಿಲ ರಂಗೋಲಿಯವರೆಗೂ ಹರಿಯಿತು. ಮದುವೆ ಮುರಿದೇ ಹೋಯಿತೆಂದು ಅಕ್ಕ ಕಣ್ಣೀರು ಹಾಕಿದಳು.

ಶಿಲ್ಪಾಳ ಅಪ್ಪ ಕಾರಿನಡಿ ಬಗ್ಗಿ ನೋಡಿದರು. "ಇದು ಯಾರ ಶಾಣೇತನ?"

ಗ್ಯಾರೇಜಿನವನ ಮೇಲೆ ಹಾಕೆಂದು ನಾನು ಕಣ್ಸನ್ನೆ ಮಾಡಿದೆ. ಅನಿಲ ತಲೆ ತಗ್ಗಿಸಿದ. "ನಂದೇರಿ. ಮಿಸ್ತ್ರಿ ಬ್ಯಾಡ ಅಂದಿದ್ದ."

ಬಾಗಿಲಲ್ಲಿದ್ದ ಶಿಲ್ಪಾ, "ಅಪ್ಪಾ, ಖರೇ ಹೇಳ್ಯಾರಲ್ಲ. ಒಳಗ ಬರಾಕ ಹೇಳು," ಎಂದಳು.

ಮಾತು ಕೊಟ್ಟರು, ಹೋಳಿಗೆ ಉಣ್ಣಿಸಿದರು. ಕಾರನ್ನು ಅಲ್ಲೇ ಬಿಟ್ಟು ಸಂಜೆ ಬಸ್ಸು ಹತ್ತಿದೆವು. ಬಸ್ಸು ಹೊರಡುವಷ್ಟರಲ್ಲಿ ಅನಿಲ ಎದ್ದು ನಿಂತ.

"ಮಾಮಾ, ಕಾರಿನ ಕೀಲಿ ಅವ್ರ ಮನ್ಯಾಗ ಬಿಟ್ಟೇನಿ. ನೀವು ನಡೀರಿ, ನಾ ತಿರುಗಿ ಹೋಗಿ ತರ್ತೀನಿ."

ಕೀಲಿ ಅವನ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಅಕ್ಕ ಅದನ್ನು ನೋಡಿದಳು, ನನ್ನನ್ನೂ ನೋಡಿದಳು.

"ಹೋಗು," ಎಂದಳು. "ಶುಭಕಾರ್ಯ ಆಗೇದಲ್ಲ, ಈಗ ತಿರುಗಿ ಹೋದರ ನಡೀತದ."

ಕಿಟಕಿಯಿಂದ ಹಿಂದೆ ನೋಡಿದೆ. ಅನಿಲ ಓಡುತ್ತಿದ್ದ, ಹಂಪುಗಳನ್ನು ಒಂದೊಂದಾಗಿ ಜಿಗಿಯುತ್ತ.